ಅದೇ 2.1 ಮೆಗಾವ್ಯಾಟ್, ರೆಕ್ಕೆ ಮಾತ್ರ ಯಾಕೆ ಅಷ್ಟುದ್ದ?

ಈ ಸಲ ಬಂದ ಪತ್ರಗಳಲ್ಲಿ ಗಾಳಿಯಂತ್ರದ್ದೇ ಜಾಸ್ತಿ. ಆಷಾಢದ ಗಾಳಿ ಶುರುವಾಗಿದೆ, ಗುಡ್ಡದ ಮೇಲಿನ ಫ್ಯಾನ್‌ಗಳೆಲ್ಲ ತಿರುಗುತ್ತಿವೆ, ಅದಕ್ಕೇ ಇರಬೇಕು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮೂರು ಚಿತ್ರದುರ್ಗದ ಹತ್ತಿರ. ಗುಡ್ಡದ ಮೇಲಿನ ಹಳೇ ಫ್ಯಾನೂ 2.1 ಮೆಗಾವ್ಯಾಟ್, ಈಗ ಹೊಲದ ನಡುವೆ ನಿಲ್ಲಿಸಿರುವ ಭಾರೀ ಫ್ಯಾನೂ 2.1 ಮೆಗಾವ್ಯಾಟ್ ಅಂತ ಅಲ್ಲಿ ಕೆಲಸ ಮಾಡುವ ಹುಡುಗ ಹೇಳಿದ. ಅಷ್ಟುದ್ದ ರೆಕ್ಕೆ ಹಾಕಿಯೂ ಅಷ್ಟೇ ಕರೆಂಟ್ ಅಂದರೆ ಹೊಸದರ ದಕ್ಷತೆ ಕಡಿಮೆ ಅಂತಲ್ವಾ ಸರ್?

ಉತ್ತರ: ಹುಡುಗ ಹೇಳಿದ್ದು ಸರಿ. ನೀವು ತಲುಪಿದ ತೀರ್ಮಾನ ಮಾತ್ರ ತಪ್ಪು. ಆದರೆ ಈ ತಪ್ಪು ಎಲ್ಲರೂ ಮಾಡುವಂಥದ್ದು, ಅದಕ್ಕೇ ಇದನ್ನು ಮೊದಲು ತೆಗೆದುಕೊಂಡೆ.

2.1 ಮೆಗಾವ್ಯಾಟ್ ಎನ್ನುವುದು ಆ ಯಂತ್ರ ಹೆಚ್ಚೆಂದರೆ ಎಷ್ಟು ಕೊಡಬಲ್ಲದು ಎನ್ನುವ ಲೆಕ್ಕ. ದಿನಾ ಅಷ್ಟು ಕೊಡುತ್ತದೆ ಅಂತ ಅಲ್ಲ. ಸುಜ್ಲಾನ್ ಕಂಪನಿಯ ಯಂತ್ರಗಳನ್ನೇ ನೋಡಿ. ಎಸ್88, ಎಸ್97, ಎಸ್111, ಎಸ್120 ಅಂತ ಒಂದಾದ ಮೇಲೊಂದು ಬಂದವು. ನಾಲ್ಕೂ 2.1 ಮೆಗಾವ್ಯಾಟ್. ಹೆಸರಿನಲ್ಲಿರುವ ಸಂಖ್ಯೆ, ರೆಕ್ಕೆಗಳು ತಿರುಗುವಾಗ ಆಗುವ ಚಕ್ರದ ಅಡ್ಡಳತೆ, ಮೀಟರ್‌ಗಳಲ್ಲಿ.

ಈಗ ಇದನ್ನು ಹೊಲದ ಲೆಕ್ಕಕ್ಕೆ ತನ್ನಿ. 88 ಮೀಟರ್ ಚಕ್ರ ಗುಡಿಸುವ ಜಾಗ ಸುಮಾರು 6,080 ಚದರ ಮೀಟರ್, ಅಂದರೆ ಒಂದೂವರೆ ಎಕರೆ. 120 ಮೀಟರ್ ಚಕ್ರದ್ದು 11,300 ಚದರ ಮೀಟರ್, ಹತ್ತಿರ ಹತ್ತಿರ ಎರಡೂ ಮುಕ್ಕಾಲು ಎಕರೆ. ಆಕಾಶಕ್ಕೆ ಎದ್ದು ನಿಂತ ಹೊಲ ಅಂದುಕೊಳ್ಳಿ, ಅದರಲ್ಲಿ ಬೆಳೆಯುವುದು ಗಾಳಿ. ದಕ್ಷತೆ ಎಂದರೆ ಎಕರೆಗೆ ಎಷ್ಟು ಇಳುವರಿ ಎನ್ನುವುದು. ಅದು ಹಳೆಯದರಲ್ಲೂ ಹೊಸದರಲ್ಲೂ ಅಂಥ ದೊಡ್ಡ ವ್ಯತ್ಯಾಸವೇನೂ ಇಲ್ಲ. ಹೆಚ್ಚಾಗಿರುವುದು ಎಕರೆ!

ಒಂದು ಸಣ್ಣ ಗುಣಾಕಾರ ಮಾಡಿಬಿಡೋಣ. ಗಾಳಿ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಮೆಲ್ಲಗೆ ಬೀಸುತ್ತಿದೆ, ಎರಡೂ ಯಂತ್ರ ಅದರ ಶಕ್ತಿಯಲ್ಲಿ ನೂರಕ್ಕೆ 45 ಪಾಲು ಹಿಡಿಯುತ್ತವೆ ಅಂತಿಟ್ಟುಕೊಂಡರೆ, ಚಿಕ್ಕ ಚಕ್ರ ಸುಮಾರು 325 ಕಿಲೋವ್ಯಾಟ್ ಕೊಡುತ್ತದೆ, ದೊಡ್ಡದು 600. ಗಾಳಿ ಜೋರಾದಾಗ ಕಥೆ ಬದಲಾಗುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಅದರ ಶಕ್ತಿ ಎಂಟರಷ್ಟಾಗುತ್ತದೆ. ಹಾಗಾಗಿ ಎರಡೂ ಬೇಗ 2.1 ಮೆಗಾವ್ಯಾಟ್ ಮುಟ್ಟಿಬಿಡುತ್ತವೆ. ಆಮೇಲೆ ರೆಕ್ಕೆಗಳನ್ನೇ ಸ್ವಲ್ಪ ಓರೆ ಮಾಡಿಕೊಂಡು ಬೇಡದ ಗಾಳಿಯನ್ನು ಬಿಟ್ಟುಕೊಡುತ್ತವೆ. ಮಳೆಗಾಲದ ಜೋರು ಗಾಳಿಯಲ್ಲಿ ಎರಡೂ ಸಮ. ಉಳಿದ ತಿಂಗಳುಗಳ ಸಪ್ಪೆ ಗಾಳಿಯಲ್ಲಿ ದೊಡ್ಡದು ಗೆಲ್ಲುತ್ತದೆ.

ಗುಡ್ಡದ ಮೇಲೆ ಗಾಳಿ ಜೋರು, ಚಿಕ್ಕ ಚಕ್ರ ಸಾಕಾಗುತ್ತಿತ್ತು. ಒಳ್ಳೆ ಗಾಳಿಯ ಗುಡ್ಡಗಳೆಲ್ಲ ತುಂಬುತ್ತಾ ಬಂದ ಮೇಲೆ ಯಂತ್ರಗಳು ಬಯಲಿಗೆ ಇಳಿದವು. ಬಯಲಿನ ಗಾಳಿಗೆ ಉದ್ದ ರೆಕ್ಕೆಯೂ ಬೇಕು, ಎತ್ತರದ ಕಂಬವೂ ಬೇಕು. ನಿಮ್ಮ ಕಣ್ಣಿಗೆ ಬಿದ್ದಿರುವುದು ಇದೇ.

ಪ್ರಶ್ನೆ: ಎಷ್ಟೊಂದು ಜಾಗ ಖಾಲಿ ಬಿಟ್ಟು ಬರೀ ಮೂರು ರೆಕ್ಕೆ ಯಾಕೆ? ಗಾಳಿಯೆಲ್ಲ ಸಂದಿಯಲ್ಲಿ ಸುಮ್ನೆ ಹೋಗುವುದಿಲ್ಲವೇ? ಆರೋ ಎಂಟೋ ಹಾಕಿ ಪೂರ್ತಿ ಹಿಡಿಯಬಹುದಲ್ಲ? (ಧಾರವಾಡದ ಪಿಯು ವಿದ್ಯಾರ್ಥಿನಿ)

ಉತ್ತರ: ಪೂರ್ತಿ ಹಿಡಿಯಲು ಆಗುವುದೇ ಇಲ್ಲಮ್ಮ. ಬಸ್ ನಿಲ್ದಾಣದಲ್ಲಿ ನೋಡಿರುತ್ತೀರಿ. ಇಳಿದವರು ಬಾಗಿಲ ಹತ್ತಿರವೇ ನಿಂತು ಚೀಲ ಸರಿಮಾಡಿಕೊಳ್ಳುತ್ತಿದ್ದರೆ ಹಿಂದಿನವರು ಇಳಿಯುವುದು ಹೇಗೆ? ಗಾಳಿಯೂ ಹಾಗೆಯೇ. ಅದರ ಶಕ್ತಿಯನ್ನೆಲ್ಲ ಕಿತ್ತುಕೊಂಡರೆ ಅದು ಯಂತ್ರದ ಬೆನ್ನಹಿಂದೆಯೇ ನಿಂತುಬಿಡುತ್ತದೆ, ಹೊಸ ಗಾಳಿಗೆ ದಾರಿ ಇರುವುದಿಲ್ಲ, ಅದು ಚಕ್ರವನ್ನು ಬಳಸಿಕೊಂಡು ಪಕ್ಕದಿಂದ ಹೋಗುತ್ತದೆ. ಏನನ್ನೂ ಕಿತ್ತುಕೊಳ್ಳದೆ ಬಿಟ್ಟರೆ ಕರೆಂಟೇ ಇಲ್ಲ. ಎರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲಬೇಕು.

ಆ ಜಾಗ ಯಾವುದು ಅಂತ ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷಕ್ಕೂ ಹಿಂದೆ, 1919ರ ಹೊತ್ತಿಗೇ ಲೆಕ್ಕ ಹಾಕಿದ್ದ. ಚಕ್ರ ದಾಟಿ ಹೋದ ಗಾಳಿಯ ವೇಗ ಮೊದಲಿನ ಮೂರನೇ ಒಂದು ಭಾಗಕ್ಕೆ ಇಳಿದಾಗ ಅತಿ ಹೆಚ್ಚು ಶಕ್ತಿ ಸಿಗುತ್ತದೆ. ಅದು ಒಟ್ಟು ಶಕ್ತಿಯ 27ರಲ್ಲಿ 16 ಪಾಲು, ಅಂದರೆ ನೂರಕ್ಕೆ 59.3. ಎಷ್ಟೇ ರೆಕ್ಕೆ ಹಾಕಿ, ಎಂಥದ್ದೇ ಆಕಾರ ಕೊಡಿ, ಬಯಲಲ್ಲಿ ನಿಂತ ಚಕ್ರ ಅದನ್ನು ದಾಟುವುದಿಲ್ಲ. ಈಗಿನ ಒಳ್ಳೆಯ ಯಂತ್ರಗಳು ನೂರಕ್ಕೆ 45ರ ಆಸುಪಾಸಿನಲ್ಲಿವೆ, ಅಂದರೆ ಪಡೆಯಬಹುದಾದ್ದರಲ್ಲಿ ಮುಕ್ಕಾಲು ಪಾಲು ಆಗಲೇ ಕೈಗೆ ಬಂದಿದೆ. ‘ನೂರಕ್ಕೆ ಎಂಬತ್ತು ಕರೆಂಟ್ ತೆಗೆಯುವ ಹೊಸ ರೆಕ್ಕೆ’ ಅಂತ ವಾಟ್ಸಾಪ್‌ನಲ್ಲಿ ವಿಡಿಯೋ ಬಂದರೆ ಅಲ್ಲೇ ಅಳಿಸಿಬಿಡಿ.

ಇನ್ನು ಸಂದಿಯ ವಿಷಯ. ಅದು ಕಣ್ಣಿಗೆ ಮಾತ್ರ ಖಾಲಿ. 120 ಮೀಟರ್ ಚಕ್ರ ನಿಮಿಷಕ್ಕೆ 12 ಸುತ್ತು ಹಾಕಿದರೆ ಎರಡು ಸೆಕೆಂಡ್ ಆಗುವಷ್ಟರಲ್ಲಿ ಮುಂದಿನ ರೆಕ್ಕೆ ಬಂದಿರುತ್ತದೆ. ರೆಕ್ಕೆ ಜಾಸ್ತಿ ಆದಷ್ಟೂ ನಿಧಾನವಾಗಿ ತಿರುಗಿಸಬೇಕು. ನೀರೆತ್ತುವ ಹಳೇ ಗಾಳಿಯಂತ್ರಗಳಿಗೆ ಹದಿನೆಂಟು ಇಪ್ಪತ್ತು ತಗಡು ಇರುವುದು ಅದಕ್ಕೇ, ಪಂಪ್ ಎಳೆಯಲು ನಿಧಾನದ ಜೋರು ತಿರುವು ಬೇಕು. ಕರೆಂಟಿಗೆ ವೇಗ ಬೇಕು. ಹಾಗಾದರೆ ಎರಡೇ ಸಾಕಲ್ಲ ಅಂದರೆ, ಸಾಕು, ನೂರಕ್ಕೆ ಎರಡು ಮೂರರಷ್ಟು ಕಡಿಮೆ ಸಿಗುತ್ತದೆ ಅಷ್ಟೇ. ಆದರೆ ಗಾಳಿ ದಿಕ್ಕು ಬದಲಿಸಿದಾಗ ಚಕ್ರವೂ ತಿರುಗಿ ನಿಲ್ಲಬೇಕಲ್ಲ, ಆಗ ಎರಡು ರೆಕ್ಕೆಯದು ಓಲಾಡುತ್ತದೆ, ಮೂರರದ್ದು ಸಮವಾಗಿ ಹೋಗುತ್ತದೆ. ನಾಲ್ಕನೆಯದಕ್ಕೆ ಹಾಕುವ ದುಡ್ಡು ವಾಪಸ್ ಬರುವುದಿಲ್ಲ.

ಪ್ರಶ್ನೆ: ದೊಡ್ಡ ಫ್ಯಾನ್ ಸೋಮಾರಿಯ ಹಾಗೆ ತಿರುಗುತ್ತದೆ. ಇದರಿಂದ ಏನು ಕರೆಂಟ್ ಬರುತ್ತದೆ? (ಗದಗ)

ಉತ್ತರ: ಬುಡ ನೋಡಬೇಡಿ, ತುದಿ ನೋಡಿ. ಮೇಲೆ ಹೇಳಿದ 12 ಸುತ್ತಿನ ಲೆಕ್ಕದಲ್ಲೇ ರೆಕ್ಕೆಯ ತುದಿ ಗಂಟೆಗೆ 270 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಇನ್ನೂ ಜೋರಾಗಿ ತಿರುಗಿಸಿದರೆ ಸದ್ದು ವಿಪರೀತ ಏರುತ್ತದೆ. ಮಳೆಹನಿ, ಧೂಳು ಬಡಿದು ರೆಕ್ಕೆಯ ಮುಂಭಾಗದ ಅಂಚು ಸವೆಯುತ್ತದೆ. ಅಂಚು ಒರಟಾದರೆ ಇಳುವರಿಯೂ ಇಳಿಯುತ್ತದೆ. ತುದಿಯ ವೇಗಕ್ಕೆ ಮಿತಿ ಇರುವುದರಿಂದ ರೆಕ್ಕೆ ಉದ್ದವಾದಷ್ಟೂ ಸುತ್ತು ಕಡಿಮೆ ಮಾಡಲೇಬೇಕು.

ಪ್ರಶ್ನೆ: ಹಾಗಾದರೆ ಇನ್ನೂರು ಮೀಟರ್ ರೆಕ್ಕೆ ಮಾಡಿಬಿಟ್ಟರಾಯ್ತಲ್ಲ?

ಉತ್ತರ: ಉದ್ದ ಎರಡರಷ್ಟಾದರೆ ಹೊಲ ನಾಲ್ಕರಷ್ಟಾಗುತ್ತದೆ, ಸರಿ. ಆದರೆ ಅದೇ ಅಚ್ಚಿನಲ್ಲಿ ಹಿಗ್ಗಿಸಿದರೆ ತೂಕ ಎಂಟರಷ್ಟಾಗುತ್ತದೆ. ಇದೇ ಎಂಜಿನಿಯರ್‌ಗಳ ತಲೆನೋವು. ಅದಕ್ಕೇ ಗಾಜಿನ ನಾರು, ಒಳಗೆ ಹಗುರವಾದ ಬಾಲ್ಸಾ ಮರ, ಉದ್ದದ ರೆಕ್ಕೆಗಳಲ್ಲಿ ಕಾರ್ಬನ್ ನಾರಿನ ಪಟ್ಟಿ, ಹೀಗೆ ಏನೇನೋ ಸೇರಿಸಿ ತೂಕ ಇಳಿಸುತ್ತಾರೆ. ದಿನವಿಡೀ ತಿರುಗಿದರೆ ರೆಕ್ಕೆ ತನ್ನ ಭಾರಕ್ಕೆ ತಾನೇ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ, ದಿನಕ್ಕೆ 17 ಸಾವಿರಕ್ಕೂ ಹೆಚ್ಚು ಸಲ ಬಾಗುತ್ತದೆ. ಅಷ್ಟನ್ನು ಇಪ್ಪತ್ತು ವರ್ಷ ತಡೆಯಬೇಕು.

ಸಮುದ್ರದಲ್ಲಿ ನಿಲ್ಲಿಸಲೆಂದೇ ಮಾಡಿದ ವೆಸ್ಟಾಸ್ ವಿ236 ಯಂತ್ರದ ಒಂದು ರೆಕ್ಕೆ 115.5 ಮೀಟರ್. ಚಕ್ರದ ಹೊಲ ಹನ್ನೊಂದು ಎಕರೆಗೆ ಸ್ವಲ್ಪ ಕಡಿಮೆ, 15 ಮೆಗಾವ್ಯಾಟ್. ಮೊದಲನೆಯದನ್ನು 2022ರಲ್ಲಿ ಡೆನ್ಮಾರ್ಕಿನಲ್ಲಿ ನಿಲ್ಲಿಸಿದರು. ಇಂಥ ರೆಕ್ಕೆ ಹಡಗಿನಲ್ಲಿ ಹೋಗಬಹುದು, ನಮ್ಮ ರಸ್ತೆಯಲ್ಲಿ ಹೇಗೆ ತರುತ್ತೀರಿ? ಅದರ ಅರ್ಧದಷ್ಟು ಉದ್ದದ ರೆಕ್ಕೆ ಹೊತ್ತ ಲಾರಿಯ ಹಿಂದೆ ಒಮ್ಮೆ ಹಿರಿಯೂರು ಕಡೆ ಒಂದು ತಿರುವಿನಲ್ಲಿ ಸಿಕ್ಕಿಕೊಂಡಿದ್ದೆ. ಹಿಂದಿನ ಚಕ್ರಗಳನ್ನು ತಿರುಗಿಸಲು ಬೇರೆ ಒಬ್ಬ, ಕರೆಂಟ್ ತಂತಿ ಎತ್ತಲು ಉದ್ದ ಕೋಲು ಹಿಡಿದ ಇನ್ನಿಬ್ಬರು, ನೋಡಲು ಅರ್ಧ ಊರು. ಮುಕ್ಕಾಲು ಗಂಟೆ ಹೋಯಿತು, ಆದರೆ ಬೇಜಾರಾಗಲಿಲ್ಲ.

ಪ್ರಶ್ನೆ: ಈ ಫ್ಯಾನ್‌ಗಳು ಮೋಡ ಓಡಿಸಿ ಮಳೆ ತಪ್ಪಿಸುತ್ತವೆ ಅಂತಾರೆ. ನಿಜವೇ?

ಉತ್ತರ: ಇಲ್ಲ. ಫ್ಯಾನ್ ಅಂತ ಕರೆಯುವುದರಿಂದಲೇ ಈ ಗೊಂದಲ. ಮನೆಯ ಫ್ಯಾನ್ ಕರೆಂಟ್ ತಿಂದು ಗಾಳಿ ಬೀಸುತ್ತದೆ, ಇದು ಗಾಳಿಯನ್ನು ನಿಧಾನ ಮಾಡಿ ಕರೆಂಟ್ ಕೊಡುತ್ತದೆ. ಓಡಿಸುವುದೇ ಇಲ್ಲ. 140 ಮೀಟರ್ ಕಂಬ, ಮೇಲೆ 60 ಮೀಟರ್ ರೆಕ್ಕೆ ಸೇರಿದರೂ 200 ಮೀಟರ್. ಮಳೆ ತರುವ ಮೋಡ ಅದಕ್ಕಿಂತ ಎಷ್ಟೋ ಪಟ್ಟು ಎತ್ತರಕ್ಕೆ, ಕಿಲೋಮೀಟರ್‌ಗಟ್ಟಲೆ ಬೆಳೆದಿರುತ್ತದೆ. ಚಿತ್ರದುರ್ಗ, ಗದಗದ ಕಡೆ ಮಳೆ ಕಡಿಮೆ ಇರುವುದು ಪಶ್ಚಿಮ ಘಟ್ಟದ ಮರೆಯಲ್ಲಿರುವುದರಿಂದ. ಫ್ಯಾನ್ ಬರುವ ಮೊದಲೂ ಹಾಗೇ ಇತ್ತು. ಸದ್ದು, ಹೊಲದ ದಾರಿ, ಹಕ್ಕಿಗಳು, ಇವುಗಳ ಬಗ್ಗೆ ದೂರಿದ್ದರೆ ಅದು ಬೇರೆ ಮಾತು, ಅದರಲ್ಲಿ ಹುರುಳಿದೆ.

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆ ಮಹಡಿಯ ಮೇಲೆ ಎರಡು ಮೀಟರ್ ಅಗಲದ ಚಿಕ್ಕ ಗಾಳಿಯಂತ್ರ ಹಾಕಿಸಬಹುದೇ?

ಉತ್ತರ: ಅದರ ಹೊಲ ಮೂರು ಚದರ ಮೀಟರ್, ಮನೆ ಮುಂದೆ ದೊಡ್ಡ ರಂಗೋಲಿ ಹಾಕುವಷ್ಟು. ಗಾಳಿ ಸೆಕೆಂಡಿಗೆ 3 ಮೀಟರ್ ಇದ್ದರೆ ಸಿಗುವುದು ಹದಿನೈದು ವ್ಯಾಟ್‌ಗೂ ಕಡಿಮೆ, ಅಂದರೆ ಒಂದು ಎಲ್‌ಇಡಿ ಬಲ್ಬ್. ಅಕ್ಕಪಕ್ಕದ ಕಟ್ಟಡಗಳಿಗೆ ಬಡಿದು ಸುಳಿ ಸುತ್ತುವ ಗಾಳಿಯಲ್ಲಿ ಅದೂ ಅನುಮಾನ. ಮಹಡಿಯಲ್ಲಿ ಜಾಗ ಇದ್ದರೆ ಸೋಲಾರ್ ಹಾಕಿಸಿ. ಗಾಳಿಗೆ ಬಟ್ಟೆ ಒಣಗಿಸಿಕೊಳ್ಳಿ.