ತರಕಾರಿಯಲ್ಲ, ಸಸ್ಯ

ಓದುಗರ ಪತ್ರ: ‘ಕಳೆದ ಸಂಚಿಕೆಯಲ್ಲಿ ಬಂದ, ಇಂಗ್ಲಿಷ್ ಕವಿ ಆಂಡ್ರ್ಯೂ ಮಾರ್ವೆಲ್‌ನ “ಟು ಹಿಸ್ ಕಾಯ್ ಮಿಸ್ಟ್ರೆಸ್” ಕವಿತೆಯ ಅನುವಾದದಲ್ಲಿ “ನನ್ನ ತರಕಾರಿ ಪ್ರೇಮ” ಎಂದಿದೆ. ಪ್ರೇಮವೇನು ಬದನೆಕಾಯಿಯೆ? ಅದಿರಲಿ, ನಾಚುವ ಹುಡುಗಿಗೆ ಸಾವಿನ ಭಯ ಹುಟ್ಟಿಸಿ ಒಲಿಸಿಕೊಳ್ಳಲು ನೋಡುವ ಈ ಕವಿತೆಯಲ್ಲಿ ಅಂಥದ್ದೇನಿದೆ?’ — ಧಾರವಾಡದ ಓದುಗರೊಬ್ಬರು

ಸಂಪಾದಕರ ಉತ್ತರ: ತಪ್ಪು ನಮ್ಮದು. ಕರಡಿನಲ್ಲಿ ಆ ಪದ ನನ್ನ ಕಣ್ಣಿಗೆ ಬಿದ್ದಿತ್ತು. ನಕ್ಕು ಮುಂದೆ ಹೋಗಿದ್ದೆ. 17ನೆಯ ಶತಮಾನದ ಇಂಗ್ಲಿಷಿನಲ್ಲಿ ‘ವೆಜಿಟೆಬಲ್’ ಎಂದರೆ ಸಸ್ಯಸಹಜವಾದದ್ದು. ಅರಿಸ್ಟಾಟಲ್‌ನ ಕಾಲದಿಂದ ಬಂದ ವಿಂಗಡಣೆಯಂತೆ ಸಸ್ಯದ ಜೀವಕ್ಕೆ ಬೆಳೆಯುವುದೂ ಸಂತತಿ ಬಿಡುವುದೂ ಗೊತ್ತು, ಅಷ್ಟೆ. ನೋಟ, ಸ್ಪರ್ಶ, ಹಸಿವಿನ ಅರಿವು ಪ್ರಾಣಿಗೆ, ವಿವೇಕ ಮನುಷ್ಯನಿಗೆ. ಸಾಮ್ರಾಜ್ಯಗಳಿಗಿಂತ ವಿಶಾಲವಾಗಿ, ಅವುಗಳಿಗಿಂತ ನಿಧಾನವಾಗಿ ಬೆಳೆಯುವ ಆ ಪ್ರೇಮ ಆಲದ ಮರದಂಥದ್ದು. ಊರಗಲ ಹಬ್ಬುತ್ತದೆ, ಆದರೆ ಯಾರನ್ನೂ ಅಪ್ಪುವುದಿಲ್ಲ. ಹೊಗಳಿಕೆಯೊಳಗೇ ಕೊಂಕಿದೆ.

ಬೇಕಾದಷ್ಟು ಕಾಲ ಇದ್ದಿದ್ದರೆ ನಿನ್ನನ್ನು ಹೀಗೆ ಹೊಗಳುತ್ತಿದ್ದೆ ಎಂದು ಮೊದಲ ಭಾಗವೆಲ್ಲ ಇಂಥದೇ ಬಿಡುವಿನ ಲೆಕ್ಕ. ಕಣ್ಣು, ಹಣೆಗೆ ನೂರು ವರ್ಷ, ಒಂದೊಂದು ಸ್ತನಕ್ಕೂ ಇನ್ನೂರು, ಉಳಿದ ಮೈಗೆ ಮೂವತ್ತು ಸಾವಿರ. ಅವಳು ಗಂಗೆಯ ದಡದಲ್ಲಿ ಮಾಣಿಕ್ಯ ಆಯುತ್ತಿದ್ದರೆ ಇವನು ಹಂಬರ್ ನದಿಯ ಬಳಿ ಗೋಳಿಡುತ್ತಾನಂತೆ. ಹಂಬರ್ ಮಾರ್ವೆಲ್‌ನ ಹಲ್ ಪಟ್ಟಣದ ನದಿ. ಅದನ್ನು ದಾಟುವಾಗಲೇ 1641ರಲ್ಲಿ ಅವನ ತಂದೆ ಮುಳುಗಿ ಸತ್ತದ್ದು. ಇದು ತಿಳಿದ ಮೇಲೆ ಆ ಸಾಲು ನನಗೆ ಬರೀ ತಮಾಷೆಯಾಗಿ ಕೇಳಿಸುತ್ತಿಲ್ಲ.

ಆಮೇಲೆ ‘ಆದರೆ’ ಬರುತ್ತದೆ. ಕಾಲದ ರೆಕ್ಕೆಯ ರಥ ಬೆನ್ನ ಹಿಂದೆ. ನಮ್ಮ ಸೂರ್ಯನ ರಥ ಎದುರಿಗೆ, ಬೆಳಕಿನಲ್ಲಿ ಬರುತ್ತದೆ. ಇದರ ಸದ್ದು ಮಾತ್ರ ಕೇಳುತ್ತದೆ. ಮುಂದೆ ಕಣ್ಣು ಹಾಯಿಸಿದರೆ ಅನಂತದ ಮರುಭೂಮಿ. ನೀವು ಮುಖ ಸಿಂಡರಿಸಿದ್ದು ಇದರ ಮುಂದಿನ ಸಾಲುಗಳಿಗೆ, ಗೋರಿಯ ಹುಳುಗಳು ಅವಳ ಕನ್ಯತ್ವಕ್ಕೆ ಕೈಹಾಕುವಲ್ಲಿ. ನನಗೂ ಅದು ಕ್ರೂರವೆಂದೇ ಅನ್ನಿಸುತ್ತದೆ.

ಮೂರನೆಯ ಭಾಗದಲ್ಲಿ ಯೌವನ ಅವಳ ತೊಗಲಿನ ಮೇಲೆ ಬೆಳಗಿನ ಇಬ್ಬನಿಯಂತೆ ಕೂತಿದೆ. ಕವಿ ಸತ್ತು ಮೂರು ವರ್ಷದ ಮೇಲೆ, 1681ರಲ್ಲಿ ಬಂದ ಮೊದಲ ಮುದ್ರಣದಲ್ಲಿ ಅಲ್ಲಿದ್ದದ್ದು ‘ಗ್ಲೂ’, ಅಂದರೆ ಅಂಟು! ಇಬ್ಬನಿ ನಂತರದ ಸಂಪಾದಕರ ತಿದ್ದುಪಡಿ. (ಅಚ್ಚಿನ ಪೇಚಾಟ ನಮ್ಮದೊಬ್ಬರದೇ ಅಲ್ಲ ಎಂಬ ಸಣ್ಣ ಸಮಾಧಾನ ನನಗೆ.) ಇಬ್ಬನಿ ಆರುವ ಮೊದಲೇ ಪ್ರೇಮಿಗಳು ಬೇಟೆಯ ಹಕ್ಕಿಗಳಾಗಬೇಕು. ಕಾಲ ನಿಧಾನವಾಗಿ ನಮ್ಮನ್ನು ಅಗಿಯುವ ಬದಲು ನಾವೇ ಅದನ್ನು ಕಬಳಿಸಬೇಕು. ಗಿಡವಾಗಿ ಶುರುವಾದ ಪ್ರೇಮ ಇಲ್ಲಿ ಹಸಿದ ಪ್ರಾಣಿ. ನಮ್ಮ ‘ತರಕಾರಿ’ ಹಾಳುಮಾಡಿದ್ದು ಈ ಏಣಿಯ ಮೊದಲ ಮೆಟ್ಟಿಲನ್ನೇ.

ಮೂರನೆಯ ಮೆಟ್ಟಿಲಾದ ವಿವೇಕ ಎಲ್ಲಿ? ‘ಇದ್ದಿದ್ದರೆ, ಆದರೆ, ಆದ್ದರಿಂದ’ ಎಂದು ಇಡೀ ಕವಿತೆ ತರ್ಕದ ವೇಷ ತೊಟ್ಟಿದೆ. ವೇಷ ಚೆನ್ನಾಗಿದೆ, ತರ್ಕ ಸೋರುತ್ತದೆ. ಕೆನ್ನೆಗೆ ನೆರೆ ಬರುವ ಮುನ್ನ, ಹಲ್ಲು ಹೋಗಿ ಬೆನ್ನು ಬಾಗುವ ಮುನ್ನ ಎಂದು ಬಸವಣ್ಣನೂ ಅವಸರಪಡಿಸುತ್ತಾನೆ, ಆದರೆ ಕರೆಯುವುದು ಕೂಡಲಸಂಗಮದೇವನ ಪೂಜೆಗೆ. ಅದೇ ಮುಪ್ಪು, ಅದೇ ಸಾವು, ತೀರ್ಮಾನ ಬೇರೆ. 46 ಸಾಲುಗಳಲ್ಲಿ ಒಂದು ಮಾತಿಗೂ ಅವಕಾಶ ಸಿಗದ ಆ ಹುಡುಗಿ ಬಾಯಿ ತೆರೆದಿದ್ದರೆ ಇದನ್ನೇ ಕೇಳುತ್ತಿದ್ದಳೇನೋ.

ಸದ್ಯಕ್ಕೆ ‘ತರಕಾರಿ’ ಎಂದಿರುವಲ್ಲಿ ‘ಸಸ್ಯದಂಥ’ ಎಂದು ಓದಿಕೊಳ್ಳಿ. ಅನುವಾದಕರು ಒಪ್ಪಿದ್ದಾರೆ, ಬದನೆಕಾಯಿಯ ಮಾತಿಗೆ ಕೊಂಚ ಮುನಿದಿದ್ದಾರೆ.