ದಡಕ್ಕೆ ಬಿದ್ದ ಕಡಲಾಮೆಯನ್ನು ನೀರಿಗೆ ತಳ್ಳಬಹುದೆ?

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ತೀರಕ್ಕೆ ತುಂಡುಬಲೆ ಸುತ್ತಿಕೊಂಡ ಕಡಲಾಮೆಯೊಂದು ಬಂದು ಬಿದ್ದಿತ್ತು. ಬಲೆ ಕತ್ತರಿಸಿ ನೀರಿಗೆ ಬಿಟ್ಟರೂ ಮತ್ತೆ ದಡಕ್ಕೇ ಬಂತು. ಏನು ಮಾಡಬೇಕಿತ್ತು?
– ಓದುಗರು, ಕುಂದಾಪುರ

ಉತ್ತರ: ಮೊಟ್ಟೆಯಿಡಲು ಬಂದ ಹೆಣ್ಣಾಮೆ ತಾನಾಗಿಯೇ ಮರಳುತ್ತದೆ, ಅದರ ತಂಟೆಗೆ ಹೋಗಬಾರದು. ಮಳೆಗಾಲದ ಅಲೆಗಳೊಂದಿಗೆ ತೇಲಿಬರುವ ಆಲಿವ್ ರಿಡ್ಲೆ ಆಮೆಯಾದರೋ ಸಾಮಾನ್ಯವಾಗಿ ದಣಿದಿರುತ್ತದೆ ಇಲ್ಲವೇ ಗಾಯಗೊಂಡಿರುತ್ತದೆ. ಕಡಲಾಮೆ ಉಸಿರಾಡುವುದು ಶ್ವಾಸಕೋಶದಿಂದ. ಪ್ರತಿ ಉಸಿರಿಗೂ ತಲೆಯನ್ನು ನೀರಿನ ಮೇಲೆತ್ತಲೇಬೇಕಾದ್ದರಿಂದ, ಈಜುವ ತ್ರಾಣವಿಲ್ಲದ ಆಮೆ ಸಮುದ್ರದಲ್ಲಿಯೇ ಮುಳುಗಿ ಸಾಯಬಹುದು.

ಆದ್ದರಿಂದ ಅದನ್ನು ನೆರಳಿನಲ್ಲಿ ಹೊಟ್ಟೆ ಕೆಳಗಾಗಿ ಇರಿಸಿ, ಮೂಗಿನ ಹೊಳ್ಳೆಗಳನ್ನು ಬಿಟ್ಟು ಚಿಪ್ಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಬೇಕು. ರೆಕ್ಕೆಯಂಥ ಕಾಲುಗಳನ್ನು ಹಿಡಿದು ಎತ್ತಬಾರದು, ಬಾಯಿಗೆ ನೀರು ಹಾಕಬಾರದು. ಫೋಟೋಕ್ಕಾಗಿ ಸುತ್ತ ನೆರೆಯುವ ಜನರನ್ನು ದೂರವಿಡುವುದೂ ಚಿಕಿತ್ಸೆಯೇ. ನೈಲಾನ್ ದಾರ ಮಾಂಸದೊಳಕ್ಕೆ ಇಳಿದು ಕಾಲು ಬಾತಿದ್ದರೆ ಎಳೆಯಬೇಡಿ, ಪಶುವೈದ್ಯರು ಬಿಡಿಸಲಿ. ಕಡಲಾಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚಿನ ರಕ್ಷಣೆಯುಳ್ಳ ಜೀವಿಗಳ ಪಟ್ಟಿಯಲ್ಲಿ, ಇರುವುದರಿಂದ ಮನೆಯಲ್ಲಿಟ್ಟು ಆರೈಕೆ ಮಾಡುವುದು ಕಾನೂನುಬಾಹಿರ.

ಆರೈಕೆ ಕೇಂದ್ರದಲ್ಲಿ ಮೊದಲು ಆಳ ಕಡಿಮೆಯಿರುವ ನೀರಿನಲ್ಲಿರಿಸಿ, ಚೇತರಿಸಿದಂತೆ ಆಳವನ್ನು ಹೆಚ್ಚಿಸುತ್ತಾರೆ. ಒಂದು ಪಕ್ಕಕ್ಕೆ ವಾಲಿಕೊಂಡು ತೇಲುತ್ತಿದ್ದರೆ ಕರುಳಿನಲ್ಲೋ ಶ್ವಾಸಕೋಶದ ಹೊರಗೋ ಗಾಳಿ ಸೇರಿರುವ ಶಂಕೆಯಿಂದ ಎಕ್ಸ್‌ರೇ ತೆಗೆಯುತ್ತಾರೆ. ಒಂದು ಕಾಲು ಕಳೆದುಕೊಂಡಿದ್ದರೂ, ತಾನೇ ಮುಳುಗಿ ಆಹಾರ ಹಿಡಿಯಬಲ್ಲ ಆಮೆಯನ್ನು ಮರಳಿ ಕಡಲಿಗೆ ಬಿಡಬಹುದು.