ಮನೆಯ ಹಿಂದೆ ನಾಯಿ ಕೂಡಿಹಾಕಿ ಮರಿ ಮಾರುವವರ ಮೇಲೆ ದೂರು ಕೊಡಬಹುದಾ?

ಕೊಡಬಹುದು. ನೋಂದಣಿ ಇಲ್ಲದೆ ಮರಿ ಮಾಡಿಸಿ ಮಾರುವುದೇ ತಪ್ಪು. 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಹೆಣ್ಣು ನಾಯಿಗೆ 18 ತಿಂಗಳಾಗುವ ಮುಂಚೆ ಮರಿ ಹಾಕಿಸುವಂತಿಲ್ಲ, ವರ್ಷಕ್ಕೆ ಒಂದೇ ಸೂಲು, ಜೀವನದಲ್ಲಿ ಐದೇ. ಪ್ರತಿ ಸೂಲಿಗೂ ಲೆಕ್ಕ ಇಡಬೇಕು. ಆ ದಾಖಲೆ ಕೇಳಿ ನೋಡಿ, ಕಳ್ಳ ಬ್ರೀಡರ್ ಅಲ್ಲೇ ತಡವರಿಸುತ್ತಾನೆ.

ದೂರನ್ನು ಬರವಣಿಗೆಯಲ್ಲಿ ಮಂಡಳಿಗೂ ಹತ್ತಿರದ ಪೊಲೀಸ್ ಠಾಣೆಗೂ ಕೊಡಿ. ಫೋಟೋ, ಜಾಹೀರಾತಿನ ಸ್ಕ್ರೀನ್‌ಶಾಟ್, ಹಣ ಕೊಟ್ಟ ರಸೀದಿ ಎಲ್ಲ ಇರಲಿ. ಸುಮ್ನೆ ಫೋನ್ ಮಾಡಿ ಬೈದರೆ ಏನೂ ಆಗಲ್ಲ. ರೋಗದ ಮರಿ ಕೊಟ್ಟು ಮೋಸ ಮಾಡಿದ್ದರೆ ಜಿಲ್ಲಾ ಗ್ರಾಹಕ ಆಯೋಗದ ದಾರಿಯೂ ಇದೆ. ನನ್ನ ಪ್ರಕಾರ ಬ್ರೀಡರ್‌ಗೆ ಜಾಸ್ತಿ ಬಿಸಿ ಮುಟ್ಟುವುದು ಅಲ್ಲೇ. ಯಾಕೆಂದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಒಂದು ಮರಿ ಸಾವಿರಾರು ರೂಪಾಯಿಗೆ ಹೋಗುವಾಗ ಅದು ಚಹಾ ಖರ್ಚು, ಅಲ್ವಾ?